ಲಿಗೋರಿ ಸುತ್ತಿದ ಕಾಯಿಲ್

ನನ್ನ ತಮ್ಮ ಲಿಗೋರಿ ಬರ್ಬೊಜಾನ ಬಗ್ಗೆ ಬರೆಯಲು ಕುಳಿತರೆ ಮೊದಲು ಬರುವುದು ಸಿಟ್ಟು. ಸತ್ತವನ ಮೇಲೆ ಎಂತ ಸಿಟ್ಟು ಎಂದು ಕೇಳುವವರು ಕೇಳಲಿ. ಹೆಚ್ಚುಕಡಿಮೆ ಒಂದು ಜೀವಮಾನ ಒಂದೇ ಸೂರಿನಡಿ ಇದ್ದು ನನ್ನ ಮಾತಿಗೆ ಎದುರು ಹೇಳದವನು ಅವನು. ಒಂದೇ ಒಂದು ಸಲ ‘ನೀನು ಸುಮ್ಮನಿರು ಬಾಯ್’ ಎಂದು ಗದರಿಸಿದ್ದರೆ ನಾನು ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಬಾಯ್ ಎಂದರೆ ನಮ್ಮ ಮನೆಯ ಕೊಂಕಣಿಯಲ್ಲಿ ಅಕ್ಕ. ಅವನಿಗಿಂತ ನಾನು ನಾಲ್ಕು ವರ್ಷ ದೊಡ್ಡವಳು, ಹೆಸರು ಸೆಲೀನ್. ಶಿರ್ವದ ಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿದೆ. ಮಕ್ಕಳು ಬೆನ್ನ ಹಿಂದೆ ‘ಮೆಣಸು ಟೀಚರ್’ ಎನ್ನುತ್ತಿದ್ದರು. ಗೊತ್ತಿತ್ತು, ಬೇಸರವೇನೂ ಆಗುತ್ತಿರಲಿಲ್ಲ.

ಲಿಗೋರಿ ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು ಬಾಂಬೆಗೆ ಹೋದ. ಅಲ್ಲಿ ಟ್ರಾನ್ಸ್‌ಫಾರ್ಮರ್ ಸುತ್ತುವ ಒಂದು ಕಾರ್ಖಾನೆಯಲ್ಲಿ ಆರು ವರ್ಷ ಇದ್ದ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದು, ಕಾಪುವಿಗೆ ಹೋಗುವ ರಸ್ತೆಗೆ ತಾಗಿದ ನಮ್ಮ ಮನೆಯ ಜಗಲಿಯಲ್ಲಿ ಮೇಜು ಹಾಕಿ ‘ರೇಡಿಯೋ ರಿಪೇರಿ’ ಎಂದು ಬೋರ್ಡು ಬರೆಸಿದ. ಬೋರ್ಡು ರೇಡಿಯೋದ್ದು, ಕೆಲಸ ಮಾತ್ರ ಪಂಪಿನದ್ದು. ಗದ್ದೆಗೆ ನೀರು ಬಿಡುವ ಪಂಪಿನ ಮೋಟಾರು ಸುಟ್ಟುಹೋದರೆ ಒಳಗಿನ ತಾಮ್ರದ ತಂತಿಯನ್ನೆಲ್ಲ ಬಿಚ್ಚಿ ಹೊಸ ಸುರುಳಿ, ಅಂದರೆ ಕಾಯಿಲ್, ಸುತ್ತಬೇಕು. ಕಾರ್ಕಳದಿಂದ ಬಸ್ಸಿನ ಟಾಪಿನ ಮೇಲೆ ಮೋಟಾರು ಇಟ್ಟುಕೊಂಡು ಜನ ಇವನನ್ನು ಹುಡುಕಿಕೊಂಡು ಬರುತ್ತಿದ್ದರು. ಲಿಗೋರಿ ಸುತ್ತಿದ ಕಾಯಿಲಿನಲ್ಲಿ ತಪ್ಪು ಬರುವುದಿಲ್ಲ ಎಂದು ಹೆಸರಿತ್ತು.

ಸುತ್ತುವಾಗ ಅವನನ್ನು ಮಾತಾಡಿಸುವ ಹಾಗಿರಲಿಲ್ಲ. ನೂರು ಸುತ್ತಿಗೆ ಒಂದು ಹುಣಸೆ ಬೀಜವನ್ನು ತೆಂಗಿನ ಚಿಪ್ಪಿಗೆ ಹಾಕುತ್ತಿದ್ದ. ನಾನು ಊಟಕ್ಕೆ ಕರೆದರೆ ಬಾಯಿ ತೆರೆಯದೆ ಕೈ ಎತ್ತಿ ತೋರಿಸುತ್ತಿದ್ದ, ಇನ್ನೆಷ್ಟು ಬೀಜ ಉಂಟು ಎಂದು. ಗಂಜಿ ಆರಿ ತಣ್ಣಗಾಗುತ್ತಿತ್ತು, ನಾನು ಬೈಯುತ್ತಿದ್ದೆ, ಅವನು ನಗುತ್ತಿದ್ದ. ನಮ್ಮ ಮನೆಯ ದಿನಚರಿ ಅಷ್ಟೇ. ಅವನಿಗೆ ಎರಡು ಸಂಬಂಧ ಬಂದಿದ್ದವು. ಎರಡಕ್ಕೂ ನಾನೇ ಏನೋ ಕೊಂಕು ತೆಗೆದೆ. ಅವನು ಸರಿ ಎಂದು ಸುಮ್ಮನಾದ.

ಕೆಲಸ ಮಾಡುವಾಗ ಅವನು ಮೂಗಿನಲ್ಲೇ ಏನಾದರೂ ಗುನುಗುತ್ತಿದ್ದ. ಬೂದಿ ಬುಧವಾರದಿಂದ ಮಾತ್ರ ಅದು ಬಂದ್. ಅಂದಿನಿಂದ ಈಸ್ಟರಿನವರೆಗಿನ ನಲವತ್ತು ದಿನಗಳ ತಪಸ್ಸಿನ ಕಾಲವನ್ನು ನಾವು ಕರೆಜ್ಮ ಎನ್ನುತ್ತೇವೆ. ಆಗ ಮದುವೆ ಇಲ್ಲ, ಬ್ಯಾಂಡು ಇಲ್ಲ, ಹೆಚ್ಚಿನ ಮನೆಗಳಲ್ಲಿ ಮಾಂಸವೂ ಇಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ಒಂದು ಕೈ ಹೆಚ್ಚು. ಎಪ್ಪತ್ತನಾಲ್ಕನೆಯ ಇಸವಿಯ ಶುಭ ಶುಕ್ರವಾರ, ಶಿಲುಬೆಯ ಮೆರವಣಿಗೆ ನಮ್ಮ ಮನೆಯೆದುರು ಬರುವಾಗ, ಹೋಗಿದ್ದ ಕರೆಂಟು ತಟ್ಟನೆ ಬಂತು. ಮೇಜಿನ ಮೇಲೆ ರಿಪೇರಿಗೆ ಬಂದ ರೇಡಿಯೋ ಒಂದರ ಗುಂಡಿ ತಿರುಗಿಸಿದಂತೆಯೇ ಇತ್ತು. ಎಂತದೋ ಸಿನಿಮಾ ಹಾಡು ಇಡೀ ರಸ್ತೆಗೆ ಕೇಳುವ ಹಾಗೆ ಬೊಬ್ಬೆ ಹೊಡೆಯಿತು. ಮೆರವಣಿಗೆಯ ಜನರೆಲ್ಲ ತಿರುಗಿ ನೋಡಿದರು. ಅಮ್ಮ ಅಲ್ಲೇ ಕುಸಿದು ಕುಳಿತಳು. ಆ ಮಳೆಗಾಲದಲ್ಲೇ ಅವಳು ತೀರಿಕೊಂಡಳು. ಹೋಗುವ ಮೊದಲು ನನ್ನ ಕೈ ಹಿಡಿದು, ಇನ್ನು ಈ ಮನೆಯಲ್ಲಿ ಕರೆಜ್ಮದ ದಿನಗಳಲ್ಲಿ ಹಾಡು, ವಾದ್ಯ ಒಂದೂ ಕೇಳಬಾರದು ಎಂದಳು. ನಾನು ಮಾತು ಕೊಟ್ಟೆ. ಆಮೇಲೆ ಆ ನಲವತ್ತು ದಿನ ಲಿಗೋರಿ ರೇಡಿಯೋ ಸರಿಯಾಯಿತೋ ಇಲ್ಲವೋ ಎಂದು ವಾರ್ತೆಯ ಹೊತ್ತಿನಲ್ಲಿ ಮಾತ್ರ ಹಾಕಿ ನೋಡುತ್ತಿದ್ದ. ಕಾವಲುಗಾರ್ತಿ ನಾನು.

ಎಂಬತ್ತೊಂದರ ಕರೆಜ್ಮದಲ್ಲಿ ಲಿಯೋನೆಲ್ ಗಿಟಾರು ತಂದ.

ಲಿಯೋನೆಲ್ ನಮ್ಮ ನೆರೆಯ ಬರ್ತಾ ಬಾಯಿಯ ಒಬ್ಬನೇ ಮಗ. ತಂದೆ ಇಲ್ಲ. ಬರ್ತಾ ಬಾಯಿ ಮನೆಯ ಹಿಂದೆ ಮಲ್ಲಿಗೆ ಬೆಳೆಯುತ್ತಿದ್ದಳು. ಬೆಳಗಿನ ಜಾವ ಮೊಗ್ಗು ಕೊಯ್ದು, ಬಾಳೆಯ ನಾರಿನಲ್ಲಿ ಕಟ್ಟಿ, ಮೊದಲ ಬಸ್ಸಿಗೆ ಕೊಡುವುದು ಅವಳ ಜೀವನ. ಹುಡುಗ ನನ್ನ ಶಾಲೆಯಲ್ಲೇ ಕಲಿತವನು. ವ್ಯಾಕರಣ ತಲೆಗೆ ಹತ್ತಲಿಲ್ಲ, ಆದರೆ ಯಾವ ಹಾಡನ್ನು ಕೇಳಿದರೂ ಬೆರಳಿಗೆ ಬರುತ್ತಿತ್ತು. ಕುವೈತಿನಲ್ಲಿದ್ದ ಮಾವ ಒಂದು ಜಪಾನಿ ಎಲೆಕ್ಟ್ರಿಕ್ ಗಿಟಾರು ಕಳುಹಿಸಿದ ಮೇಲೆ, ಸಂತೆಕಟ್ಟೆಯ ಪಾಸ್ಕಲ್ ಮಾಸ್ಟರರ ಮದುವೆ ಬ್ಯಾಂಡಿಗೆ ಸೇರಿದ. ಆಗ ಅವನಿಗೆ ಇಪ್ಪತ್ತೆರಡು.

“ಲಿಗೋರಿ ಬಾಪ್ಪು, ಒಂದು ಕೆಲಸ ಉಂಟು. ನಿಮ್ಮಿಂದ ಮಾತ್ರ ಆಗುವಂಥದ್ದು” ಎಂದು ಗಿಟಾರನ್ನು ಮೇಜಿನ ಮೇಲೆ ಮಲಗಿಸಿದ. ಬಾಪ್ಪು ಎಂದರೆ ಚಿಕ್ಕಪ್ಪ. ರಕ್ತಸಂಬಂಧ ಇಲ್ಲದಿದ್ದರೂ ನಮ್ಮಲ್ಲಿ ಹಾಗೆಯೇ ಕರೆಯುವುದು.

ಸಂಗತಿ ಇಷ್ಟು. ಬಹರೈನಿನ ಒಂದು ಹೋಟೆಲಿನಲ್ಲಿ ಬ್ಯಾಂಡು ನಡೆಸುವ ರೇಮಂಡ್ ಎಂಬವರು ಈಸ್ಟರಿನ ಮರುದಿನ ಕಾರ್ಕಳದಲ್ಲಿ ತಮ್ಮ ಅಣ್ಣನ ಮಗಳ ಮದುವೆಗೆ ಬರುವವರಿದ್ದರು. ಅವರಿಗೆ ಗಿಟಾರಿಗೆ ಒಬ್ಬ ಹುಡುಗ ಬೇಕಿತ್ತು. ಸಣ್ಣ ಬ್ಯಾಂಡು, ಇಬ್ಬರನ್ನು ಇಟ್ಟುಕೊಳ್ಳುವ ಹಾಗಿಲ್ಲ. ಹಿಂದಿನಿಂದ ಚಕ್ ಚಕ್ ಎಂದು ತೆಳುವಾಗಿ ತಾಳ ಹಾಕುವವನೂ, ಮುಂದೆ ಬಂದು ತುಂಬು ದನಿಯಲ್ಲಿ ರಾಗ ಎಳೆಯುವವನೂ ಒಬ್ಬನೇ ಆಗಬೇಕು. ಪಾಸ್ಕಲ್ ಮಾಸ್ಟರು ಲಿಯೋನೆಲ್‌ನ ಹೆಸರು ಹೇಳಿದ್ದರು. ಮದುವೆಯಲ್ಲಿ ಕೇಳಿ ನೋಡುತ್ತೇನೆ ಎಂದು ರೇಮಂಡ್ ಬರೆದಿದ್ದರು.

“ನನ್ನ ಗಿಟಾರಿನಲ್ಲಿ ದಪ್ಪ ದನಿ ಮಾತ್ರ ಇರುವುದು ಬಾಪ್ಪು. ತೆಳು ದನಿ ಬರುವುದಿಲ್ಲ. ಒಂದು ಸ್ವಿಚ್ ಹಾಕಿದರೆ ಎರಡೂ ಬರ್ತದಂತೆ” ಎಂದು ಲಿಯೋನೆಲ್ ಅಂಗಿಯ ಕಿಸೆಯಿಂದ ಒಂದು ಕಾಗದ ತೆಗೆದ. ಮಾವನ ಪೈಕಿ ಯಾರೋ ಪರದೇಶದ ಪತ್ರಿಕೆಯಿಂದ ಹರಿದು ಕಳುಹಿಸಿದ ಚಿತ್ರ.

ಲಿಗೋರಿ ಆ ಕಾಗದವನ್ನು ಎರಡು ದಿನ ನೋಡಿದ. ಮೂರನೆಯ ದಿನ ನನಗೆ ಪಾಠ ಮಾಡಿದ. ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಒಂದು ಪಟ್ಟಿಯಂಥ ಡಬ್ಬಿ ಇರುತ್ತದೆ. ತಂತಿಯ ನಡುಕವನ್ನು ಕರೆಂಟು ಮಾಡಿ ಕಳುಹಿಸುವುದು ಅದೇ. ಅದರೊಳಗೆ ಪಕ್ಕಪಕ್ಕದಲ್ಲಿ ಎರಡು ಕಾಯಿಲ್. ಎರಡೂ ಒಟ್ಟಿಗೆ ಕೆಲಸ ಮಾಡಿದರೆ ದನಿ ದಪ್ಪ, ಗುಂಯ್ ಎಂಬ ಕರೆಂಟಿನ ಗದ್ದಲವೂ ಇಲ್ಲ. ಎರಡು ಕಾಯಿಲ್ ಸೇರುವ ಗಂಟಿನಿಂದ ಒಂದು ವಯರ್ ಹೊರಗೆ ತಂದು ಸ್ವಿಚ್ಚಿಗೆ ಕೊಟ್ಟು ಒಂದು ಕಾಯಿಲನ್ನು ಮಲಗಿಸಿಬಿಟ್ಟರೆ, ಉಳಿದದ್ದು ಒಂದೇ. ಆಗ ದನಿ ತೆಳು. “ಅಷ್ಟೇ ಬಾಯ್, ನಮ್ಮ ಪಂಪಿಗಿಂತ ಸುಲಭ” ಎಂದ. ಅವನು ಬಾಂಬೆಯಿಂದ ಬಂದ ಮೇಲೆ ಅವನ ಕಣ್ಣಿನಲ್ಲಿ ಅಂಥ ಖುಷಿಯನ್ನು ನಾನು ಕಂಡಿರಲಿಲ್ಲ.

ಸುಲಭವಾಗಲಿಲ್ಲ. ಡಬ್ಬಿ ತೆರೆದು ಒಳಗಿನ ಪಟ್ಟಿ ಬಿಚ್ಚುವಾಗ ಒಂದು ಕಾಯಿಲಿನ ತಂತಿ ತುಂಡಾಯಿತು. ತಲೆಕೂದಲಿಗಿಂತ ತೆಳ್ಳಗಿನ ತಂತಿ. ಸೇರಿಸಲು ಹೋದಷ್ಟೂ ಇನ್ನೊಂದು ಕಡೆ ಕಡಿಯಿತು. ಕೊನೆಗೆ ಬ್ಲೇಡಿನಿಂದ ಇಡೀ ಕಾಯಿಲನ್ನು ಕೊಯ್ದು ತೆಗೆದ. ಬಾಂಬೆಯಿಂದ ಬರುವಾಗ ತಂದು ಇಪ್ಪತ್ತೈದು ವರ್ಷ ಪೆಟ್ಟಿಗೆಯಲ್ಲಿ ಇಟ್ಟಿದ್ದ ತೆಳು ತಂತಿಯ ರೀಲು ಹೊರಗೆ ಬಂತು. ಅಮ್ಮನ ಹೊಲಿಗೆ ಯಂತ್ರದ ಚಕ್ರಕ್ಕೆ ಆ ಪುಟ್ಟ ಕಾಯಿಲಿನ ಅಚ್ಚನ್ನು ಕಟ್ಟಿ, ಐದು ಸಾವಿರ ಸುತ್ತು ಸುತ್ತಿದ. ಐವತ್ತು ಹುಣಸೆ ಬೀಜ. ಉಸಿರು ಬಿಗಿ ಹಿಡಿದು ಸುತ್ತುವುದನ್ನು ನೋಡಿ ನಾನೂ ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ಮಾಡಲಿಲ್ಲ.

ಒಂದು ವಿಷಯ ಅವನು ನನಗೆ ಆಗ ಹೇಳಲಿಲ್ಲ. ಹಳೆಯ ಕಾಯಿಲನ್ನು ಯಾವ ದಿಕ್ಕಿಗೆ ಸುತ್ತಿದ್ದರು ಎಂದು ನೋಡಿಕೊಳ್ಳುವ ಮೊದಲೇ ಕೊಯ್ದುಬಿಟ್ಟಿದ್ದ. ಹೊಸದನ್ನು ಕೈ ರೂಢಿಯ ಪ್ರಕಾರ, ಪಂಪಿಗೆ ಸುತ್ತುವ ದಿಕ್ಕಿಗೇ ಸುತ್ತಿದ. ಅದು ಸರಿಯಾಗಿರಬಹುದು, ಉಲ್ಟಾ ಕೂಡ ಆಗಿರಬಹುದು. ಮೀಟರ್ ಹಿಡಿದರೆ ಎರಡಕ್ಕೂ ಒಂದೇ ಲೆಕ್ಕ ತೋರಿಸುತ್ತದೆ. ವ್ಯತ್ಯಾಸ ಗೊತ್ತಾಗುವುದು ಕಿವಿಗೆ ಮಾತ್ರ.

ಈಸ್ಟರಿಗೆ ಮುಂಚಿನ ಪವಿತ್ರ ವಾರದ ಬುಧವಾರ ಸಂಜೆ ಕೆಲಸ ಮುಗಿಯಿತು. ಅವನು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

“ಬಾಯ್, ಒಮ್ಮೆ ಬಾರಿಸಿ ನೋಡಬೇಕಿತ್ತು.”

“ಈಗ? ಈ ವಾರ?”

“ಹಾಡು ಅಲ್ಲ. ತಂತಿ ಮುಟ್ಟಿ ನೋಡುವುದು, ಅಷ್ಟೇ.”

“ಮೀಟರ್ ಇಟ್ಟು ನೋಡಿದ್ದೀಯಲ್ಲ?”

“ನೋಡಿದ್ದೇನೆ. ಮೀಟರ್ ಸರಿ ತೋರಿಸ್ತದೆ” ಎಂದು ತಲೆ ಕೆರೆದುಕೊಂಡ.

ನಾನು ಕಿಟಕಿ ಬಾಗಿಲೆಲ್ಲ ಮುಚ್ಚಿದೆ. ಹಳೆಯ ವಾಲ್ವ್ ರೇಡಿಯೋದ ಹಿಂದೆ ಗ್ರಾಮಫೋನಿಗೆಂದು ಇದ್ದ ತೂತಿಗೆ ಗಿಟಾರಿನ ವಯರ್ ಸಿಕ್ಕಿಸಿದ. “ಒಂದೇ ಸಲ” ಎಂದೆ. ಅವನು ಹೆಬ್ಬೆರಳಿನಿಂದ ಒಂದು ತಂತಿ ಮೀಟಿದ. ತೆಳ್ಳಗೆ, ಚೊಕ್ಕವಾಗಿ, ಬಾವಿಯ ಕಟ್ಟೆಗೆ ಕಂಚಿನ ತಂಬಿಗೆ ತಾಗಿದಂಥ ದನಿ. ಸುಳ್ಳು ಯಾಕೆ ಹೇಳಲಿ, ನನಗೆ ಇಷ್ಟವಾಯಿತು. ಇಷ್ಟವಾದದ್ದಕ್ಕೇ ಭಯವೂ ಆಯಿತು. ಅಮ್ಮನ ಫೋಟೋ ಎದುರಿನ ಗೋಡೆಯಲ್ಲೇ ಇತ್ತು.

ಅವನು ಟಿಕ್ ಎಂದು ಸ್ವಿಚ್ ಆಚೆಗೆ ಹಾಕಿ ಮತ್ತೆ ಹೆಬ್ಬೆರಳು ಎತ್ತಿದ. ನಾನು ಅವನ ಕೈ ಹಿಡಿದೆ.

“ಒಂದೇ ಸಲ ಎಂದಿದ್ದೆ.”

“ಈ ಕಡೆಗೂ ಒಮ್ಮೆ ಬಾಯ್. ಎರಡೂ ಒಟ್ಟಿಗೆ ಹೇಗೆ ಬರ್ತದೆ ಎಂದು—”

“ದನಿ ಬಂತಲ್ಲ, ಇನ್ನೆಂತ ಬೇಕು ನಿನಗೆ? ಅಮ್ಮನಿಗೆ ಕೊಟ್ಟ ಮಾತು ನಿನಗೆ ಆಟವಾ?”

ಅವನು ಕೈ ಇಳಿಸಿದ. ರೇಡಿಯೋ ಆರಿಸಿದ. ಮರುದಿನದಿಂದ ಇಗರ್ಜಿಯ, ಅಂದರೆ ಚರ್ಚಿನ, ಗಂಟೆಯೂ ಮೂಕ. ಗುರುವಾರದಿಂದ ಈಸ್ಟರಿನ ಹಿಂದಿನ ರಾತ್ರಿಯವರೆಗೆ ಗಂಟೆಯ ಬದಲು ಮರದ ಗಿಲಕಿ ಆಡಿಸುವುದು ನಮ್ಮ ಪದ್ಧತಿ. ಶನಿವಾರ ರಾತ್ರಿ ಗಂಟೆ ಹೊಡೆದ ಮೇಲೆ ನೋಡುತ್ತೇನೆ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡಿದ್ದನಂತೆ.

ಆದರೆ ಶನಿವಾರ ಮಧ್ಯಾಹ್ನವೇ ಲಿಯೋನೆಲ್ ಬಂದ. ರಾತ್ರಿಯ ಪೂಜೆಯಲ್ಲಿ ಹೊಸ ನೀರು ಮಂತ್ರಿಸಿದ ಮೇಲೆ ಪಾದ್ರಿಗಳಿಂದ ಗಿಟಾರಿನ ಮೇಲೆ ಎರಡು ಹನಿ ಹಾಕಿಸಬೇಕು ಎಂದು ಬರ್ತಾ ಬಾಯಿಯ ಆಸೆ. ಲಿಗೋರಿ, “ನಾಳೆ ಪೂಜೆ ಮುಗಿದ ಮೇಲೆ ಬಾ” ಎಂದ. ನಾನು ಸುಮ್ಮನಿರಬಹುದಿತ್ತು.

“ಕೊಡು ಮಾರಾಯ. ಒಳ್ಳೆಯ ಕಾರ್ಯಕ್ಕಲ್ವಾ ಕೇಳುವುದು? ಇನ್ನೂ ಎಂತ ಮುದ್ದಾಡುತ್ತಾ ಇರ್ತಿ ಅದನ್ನು?”

ಅವನು ಕೊಟ್ಟ.

ಸೋಮವಾರ ಕಾರ್ಕಳದ ಮದುವೆಗೆ ನಾವೂ ಹೋಗಿದ್ದೆವು. ಮದುಮಗಳು ಅಜ್ಜಿ ಮನೆಯಲ್ಲಿದ್ದು ನನ್ನ ಶಾಲೆಯಲ್ಲಿ ಕಲಿತವಳು. ಮನೆಯಂಗಳದಲ್ಲಿ ದೊಡ್ಡ ಚಪ್ಪರ. ಒಂದು ಮೂಲೆಯಲ್ಲಿ ಬೆಂಚು ಜೋಡಿಸಿ ಬ್ಯಾಂಡಿನವರಿಗೆ ಜಾಗ ಮಾಡಿದ್ದರು. ಲಿಯೋನೆಲ್ ಬಿಳಿ ಅಂಗಿ ಹಾಕಿ ಇಸ್ತ್ರಿ ಮಡಿಕೆ ಮುರಿಯದ ಹಾಗೆ ನಿಂತಿದ್ದ. ಅವನ ಹತ್ತಿರ ಆಂಪ್ಲಿಫೈಯರ್ ಇರಲಿಲ್ಲ, ಅದು ಪಾಸ್ಕಲ್ ಮಾಸ್ಟರರದ್ದು. ಹಬ್ಬದ ಭಾನುವಾರ ಅಭ್ಯಾಸ ಇಟ್ಟಿರಲಿಲ್ಲ. ಹಾಗಾಗಿ ಹೊಸ ಸ್ವಿಚ್ಚಿನ ದನಿಯನ್ನು ಅವನು ಕೇಳುವುದು ಅದೇ ಮೊದಲು. ರೇಮಂಡ್ ಎದುರಿನ ಸಾಲಿನಲ್ಲಿ ಕಾಲು ಮೇಲೆ ಕಾಲು ಹಾಕಿ ಕುಳಿತಿದ್ದರು.

ಜೋಡಿಗಳು ಸಾಲಾಗಿ ನಡೆಯುವ ಗ್ರ್ಯಾಂಡ್ ಮಾರ್ಚಿಗೆ ಲಿಯೋನೆಲ್ ತೆಳು ದನಿ ಹಾಕಿ ತಾಳ ಹಿಡಿದ. ಎಷ್ಟು ಚಂದ ಬಂತೆಂದರೆ ಪಾಸ್ಕಲ್ ಮಾಸ್ಟರು ತಮ್ಮ ಸ್ಯಾಕ್ಸೊಫೋನಿನ ನಡುವೆಯೇ ನಕ್ಕರು. ಲಿಗೋರಿ ನನ್ನ ಪಕ್ಕದಲ್ಲಿ ಎರಡೂ ಕೈಗಳನ್ನು ಮಂಡಿಯ ನಡುವೆ ಸಿಕ್ಕಿಸಿಕೊಂಡು ಕುಳಿತಿದ್ದ. ಆಮೇಲೆ ಜೋಡಿಗಳು ಕುಣಿಯುವ ವಾಲ್ಟ್ಸ್. ಅದರ ಮಧ್ಯದಲ್ಲಿ ಉಳಿದವರೆಲ್ಲ ನಿಲ್ಲಿಸಿ ಗಿಟಾರು ಮಾತ್ರ ರಾಗ ಎಳೆಯಬೇಕು. ಲಿಯೋನೆಲ್ ಒಂದು ಹೆಜ್ಜೆ ಮುಂದೆ ಬಂದು ಸ್ವಿಚ್ ಹಾಕಿದ.

ಗುಂಯ್ ಎಂದು ಕರೆಂಟಿನ ಗದ್ದಲ ಚಪ್ಪರ ತುಂಬಿತು. ಅದರ ಅಡಿಯಲ್ಲೆಲ್ಲೋ ರಾಗ, ನೆಗಡಿಯಾದವನು ಮೂಗಿನಲ್ಲಿ ಹಾಡಿದ ಹಾಗೆ. ಅವನು ದನಿಯ ಗುಂಡಿ ತಿರುಗಿಸಿದ. ಗದ್ದಲ ಹೆಚ್ಚಾಯಿತು, ರಾಗ ಕೇಳಲಿಲ್ಲ. ಸ್ವಿಚ್ ಹಿಂದಕ್ಕೆ ಮುಂದಕ್ಕೆ ಹಾಕಿದ, ಬೆರಳು ತಪ್ಪಿತು, ನೃತ್ಯ ಮಾಡುತ್ತಿದ್ದ ಜೋಡಿಗಳು ನಿಂತವು. ಯಾರೋ ಹಿಂದಿನಿಂದ ನಕ್ಕರು. ಪಾಸ್ಕಲ್ ಮಾಸ್ಟರು ಕೈ ಮಾಡಿ ಅವನನ್ನು ನಿಲ್ಲಿಸಿ ಸ್ಯಾಕ್ಸೊಫೋನ್ ಎತ್ತಿಕೊಂಡರು. ಹುಡುಗ ಉಳಿದ ಹೊತ್ತು ಬ್ಯಾಂಡಿನ ಹಿಂದೆ, ಬಾಳೆಗಿಡದ ಹತ್ತಿರ, ಗಿಟಾರನ್ನು ಅಪ್ಪಿಕೊಂಡು ನಿಂತಿದ್ದ. ರೇಮಂಡ್ ಒಳ್ಳೆಯವರೇ. ಊಟದ ಹೊತ್ತಿಗೆ ಅವನ ಭುಜ ತಟ್ಟಿ, “ಇನ್ನೂ ಪ್ರಾಯ ಉಂಟಲ್ಲ, ಕಲಿ” ಎಂದರು. ಮರುದಿನದ ಬಸ್ಸಿಗೆ ಬಾಂಬೆಗೆ ಹೋದರು. ಆ ಜಾಗಕ್ಕೆ ಬಾಂಬೆಯಲ್ಲೇ ಯಾರೋ ಸಿಕ್ಕಿದರಂತೆ.

ಮಂಗಳವಾರ ಬೆಳಿಗ್ಗೆ ಲಿಯೋನೆಲ್ ಗಿಟಾರು ತಂದು ಮೇಜಿನ ಮೇಲಿಟ್ಟ. ರಾತ್ರಿಯಿಡೀ ಅತ್ತ ಮುಖ. ಲಿಗೋರಿ ಅದನ್ನು ತಿರುಗಿಸಿ ಹಿಂದಿನ ಮುಚ್ಚಳದ ಸ್ಕ್ರೂ ನೋಡಿದ.

“ಇದನ್ನು ತೆರೆದಿದ್ದೆಯಾ?”

“ಭಾನುವಾರ ಒಮ್ಮೆ ತೆರೆದೆ ಬಾಪ್ಪು. ನೀವು ಎಂತ ಮಾಡಿದ್ದೀರಿ ಎಂದು ನೋಡಲಿಕ್ಕೆ. ಯಾವುದನ್ನೂ ಮುಟ್ಟಲಿಲ್ಲ” ಎಂದ. ಮತ್ತೆ, “ಒಂದು ವಯರ್ ಸ್ವಲ್ಪ ಸರಿಸಿದೆ, ಮುಚ್ಚಳ ಕೂತುಕೊಳ್ಳಲಿಲ್ಲ ಅಂತ” ಎಂದು ಸೇರಿಸಿದ.

ನನ್ನ ಮೂಗಿನ ತುದಿಯ ಸಿಟ್ಟು ನೆತ್ತಿಗೇರಿತು. “ನಿನಗೆ ತೆರೆಯಲಿಕ್ಕೆ ಯಾರು ಹೇಳಿದ್ದು? ಆ ಮನುಷ್ಯ ಹದಿನೈದು ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಮಾಡಿದ ಕೆಲಸ. ನಿನ್ನ ಕೈ ಸುಮ್ಮನಿರುವುದಿಲ್ಲ, ಶಾಲೆಯಲ್ಲೂ ಇದೇ. ನಿನ್ನ ಕಾಲಿಗೆ ನೀನೇ ಕಲ್ಲು ಹಾಕಿಕೊಂಡೆ” ಎಂದೆಲ್ಲ ಬೈದೆ. ಅವನು ತಲೆ ತಗ್ಗಿಸಿ ಕೇಳಿದ. ಲಿಗೋರಿ ಗಿಟಾರಿನ ಮುಚ್ಚಳವನ್ನೇ ನೋಡುತ್ತಿದ್ದ. “ಇದು ಇಲ್ಲೇ ಇರಲಿ ಬಾಪ್ಪು” ಎಂದು ಲಿಯೋನೆಲ್ ಹೊರಟುಹೋದ. ಅವನು ಮೆಟ್ಟಿಲಿಳಿಯುವಾಗ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡದ್ದು ನನಗೆ ಕಾಣಿಸಿತು. ಆಗಲೂ ನನ್ನ ಸಿಟ್ಟು ಇಳಿಯಲಿಲ್ಲ.

ಬರ್ತಾ ಬಾಯಿಯೂ ಮಗನಿಗೆ ಅದನ್ನೇ ಹೇಳಿದಳು, ಊರೂ ಅದನ್ನೇ ಹೇಳಿತು. ಲಿಯೋನೆಲ್ ಮತ್ತೆ ಬ್ಯಾಂಡಿಗೆ ಹೋಗಲಿಲ್ಲ. ಮೂರು ತಿಂಗಳ ನಂತರ ಕಾಪುವಿನ ಬೀರಾನ್ ಬ್ಯಾರಿ ಎಂಬವರು ಯಾರಿಗೋ ಹೇಳಿ ಅವನಿಗೆ ಗಲ್ಫಿಗೆ ಒಂದು ವೀಸಾ ಮಾಡಿಸಿದರು. ಹೋಟೆಲಿಗಲ್ಲ. ಮರಳುಗಾಡಿನ ನಡುವೆ ಕಟ್ಟಡ ಕಟ್ಟುವಲ್ಲಿ, ಕಾಂಕ್ರೀಟಿಗೆ ಕಬ್ಬಿಣದ ಸರಳು ಬಗ್ಗಿಸಿ ಕಟ್ಟುವ ಕೆಲಸ. ಹೊರಡುವ ದಿನ ನಮ್ಮಲ್ಲಿಗೂ ಬಂದು ಹೇಳಿ ಹೋದ. ಲಿಗೋರಿ ಅವನನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋಗಿ, ಬಂದವನು ಊಟ ಮಾಡದೆ ಮಲಗಿದ.

ಆಮೇಲೆ ಅವನು ಬದಲಾದ. ಗುನುಗುವುದು ನಿಂತಿತು, ಕರೆಜ್ಮ ಇರಲಿ ಇಲ್ಲದಿರಲಿ. ಒಂದೊಂದು ಮೋಟಾರನ್ನೂ ಮೂರು ಮೂರು ಸಲ ಓಡಿಸಿ ನೋಡಿ ಕೊಡುತ್ತಿದ್ದ. ಗಿಟಾರನ್ನು ಅಮ್ಮನ ಹಳೆಯ ಹೊದಿಕೆಯಲ್ಲಿ ಸುತ್ತಿ ಗೋಡೆಗೆ ತೂಗುಹಾಕಿದ್ದ. ವಾರಕ್ಕೊಮ್ಮೆ ಬರ್ತಾ ಬಾಯಿಯ ಮನೆಗೆ ಹೋಗುತ್ತಿದ್ದ. ಮಲ್ಲಿಗೆಗೆ ಹುಳ ಬಿದ್ದ ವಿಷಯ ಮಾತಾಡಿ ವಾಪಸು ಬರುತ್ತಿದ್ದ. ಪ್ರಾಯವಾಯಿತು, ಮಂಕಾಗಿದ್ದಾನೆ ಎಂದುಕೊಂಡೆ. ಮನೆಯೊಳಗೆ ಒಬ್ಬ ಮನುಷ್ಯ ಕರಗುತ್ತಿದ್ದುದು ನನಗೆ ಕಾಣಲಿಲ್ಲ, ಮಕ್ಕಳ ಕಾಪಿ ಪುಸ್ತಕದ ತಪ್ಪು ಹುಡುಕುವುದರಲ್ಲೇ ನನ್ನ ಕಣ್ಣು ಸವೆದಿತ್ತು.

ಎಂಬತ್ತಾರರ ನವೆಂಬರಿನಲ್ಲಿ ಅವನಿಗೆ ಉಸಿರು ಸಿಕ್ಕಿಕೊಳ್ಳತೊಡಗಿತು. ಹೃದಯ ದೊಡ್ಡದಾಗಿದೆ ಎಂದರು ಡಾಕ್ಟರು. ಮಣಿಪಾಲದ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ, ನಾನು ಗಂಜಿ ತಿನಿಸುತ್ತಿದ್ದಾಗ, ಗೋಡೆಯ ಕಡೆ ಬೆರಳು ಮಾಡಿದ.

“ಆ ಹುಡುಗ ಹಾಳು ಮಾಡಿದ್ದಲ್ಲ ಬಾಯ್. ನಾನೇ ಉಲ್ಟಾ ಸುತ್ತಿದ್ದು.”

ನನಗೆ ಅರ್ಥವಾಗಲಿಲ್ಲ. ಅವನು ಎರಡು ಬೆರಳುಗಳನ್ನು ಎದುರುಬದುರು ಹಿಡಿದು ತೋರಿಸಿದ. ಹೊಸ ಕಾಯಿಲ್ ಹಳೆಯದಕ್ಕೆ ವಿರುದ್ಧವಾಗಿ ಎಳೆಯುತ್ತಿತ್ತು. ಒಂದು ಹಗ್ಗವನ್ನು ಇಬ್ಬರು ಎರಡು ಕಡೆಗೆ ಎಳೆದ ಹಾಗೆ. ಒಂದೊಂದೇ ಇದ್ದರೆ ಸರಿ, ಎರಡೂ ಸೇರಿದರೆ ತಂತಿಯ ದನಿ ಒಂದನ್ನೊಂದು ತಿಂದುಹಾಕಿ ಗದ್ದಲ ಮಾತ್ರ ಉಳಿಯುತ್ತದೆ. ಆ ಮಂಗಳವಾರ ಲಿಯೋನೆಲ್ ಗಿಟಾರು ಇಟ್ಟು ಹೋದ ಹತ್ತೇ ನಿಮಿಷದಲ್ಲಿ ಲಿಗೋರಿಗೆ ಗೊತ್ತಾಗಿತ್ತು. ಎರಡು ವಯರ್ ಅದಲು ಬದಲು ಮಾಡಿ ಬೆಸುಗೆ ಹಾಕಿದ, ಸರಿಯಾಯಿತು. ಆ ಬುಧವಾರ ಇನ್ನೊಂದು ಸಲ ಮೀಟಿದ್ದರೆ ಆಗಲೇ ಗೊತ್ತಾಗುತ್ತಿತ್ತು.

“ಮತ್ತೆ ಯಾಕೆ ಹೇಳಲಿಲ್ಲ ಅವನಿಗೆ?” ಎಂದೆ.

“ಹೇಳಿದರೆ, ಯಾಕೆ ಬಾರಿಸಿ ನೋಡಲಿಲ್ಲ ಬಾಪ್ಪು ಎಂದು ಕೇಳ್ತಾನೆ. ಆಗ ನಿನ್ನ ಹೆಸರು ಹೇಳಬೇಕಾಗ್ತದೆ.” ಉಸಿರು ಎಳೆದುಕೊಂಡು ಮತ್ತೆ ಹೇಳಿದ, “ಅದು ಮಾತ್ರ ಅಲ್ಲ. ನನಗೆ ನಾಚಿಕೆ ಆಯಿತು. ಲಿಗೋರಿಯ ಕಾಯಿಲ್ ತಪ್ಪುವುದಿಲ್ಲ ಎನ್ನುತ್ತಾರಲ್ಲ ಎಲ್ಲರೂ. ಪಾದ್ರಿಗಳಿಗೆ ಪಾಪನಿವೇದನೆಯಲ್ಲಿ ಹೇಳಿದೆ, ಎಷ್ಟೋ ಸಲ. ಹುಡುಗನಿಗೆ ಹೇಳು ಎಂದರು. ಅದೊಂದು ಆಗಲಿಲ್ಲ ನನ್ನಿಂದ.”

ಗಂಜಿಯ ಬಟ್ಟಲು ಕೆಳಗಿಟ್ಟು ನಾನು ಹಿತ್ತಲಿಗೆ ಹೋಗಿ ಅತ್ತೆ. ಐದೂವರೆ ವರ್ಷ ನನ್ನನ್ನು ಕಾಪಾಡಿದನೋ, ತನ್ನ ಹೆಸರನ್ನು ಕಾಪಾಡಿಕೊಂಡನೋ, ಎರಡೂ ಒಟ್ಟಿಗೆ ಇದ್ದವು. ಹೊಸ ವರ್ಷ ಬಂದು ಎರಡು ವಾರಕ್ಕೆ ಅವನು ಹೋದ. ಐವತ್ತೆರಡು ತುಂಬಿರಲಿಲ್ಲ. ಶವಪೆಟ್ಟಿಗೆಯ ಮೇಲೆ ಬರ್ತಾ ಬಾಯಿ ಮಾಲೆ ಕಟ್ಟಿದ ಒಂದು ಅಟ್ಟೆ ಮಲ್ಲಿಗೆ ಇಟ್ಟಳು. ಅವಳಿಗೆ ಆಗಲೇ ಹೇಳಬೇಕಿತ್ತು. ನನಗೂ ನಾಲಿಗೆ ಏಳಲಿಲ್ಲ. ಮೂವತ್ತೊಂದು ವರ್ಷ ಊರಿನ ಮಕ್ಕಳನ್ನೆಲ್ಲ ಬೈದ ನಾಲಿಗೆ ಅದು.

ಮಾರ್ಚಿನಲ್ಲಿ ಲಿಯೋನೆಲ್ ರಜೆಗೆ ಬಂದ. ಬಾಪ್ಪು ಇಲ್ಲವೆಂದು ತಿಳಿದು ಮಾತಾಡಿಸಲು ಮನೆಗೆ ಬಂದ. ಮುಖ ಬಿಸಿಲಿಗೆ ಕಪ್ಪಾಗಿ, ಭುಜ ಅಗಲವಾಗಿತ್ತು. ಕುಳಿತ ಕೂಡಲೇ, ಚಹಾ ಕೂಡ ಕೊಡದೆ, ನಾನು ಎಲ್ಲವನ್ನೂ ಹೇಳಿದೆ. ಒಂದು ಸಲ ಮೀಟಲು ಬಿಟ್ಟು ಇನ್ನೊಂದು ಸಲ ಬಿಡದೆ ಕೈ ಹಿಡಿದದ್ದು, ಶನಿವಾರ ಕೊಡು ಎಂದು ಒತ್ತಾಯ ಮಾಡಿದ್ದು, ಉಲ್ಟಾ ಸುತ್ತಿದ ಕಾಯಿಲ್, ಎಲ್ಲ. “ತಪ್ಪು ನನ್ನದು ಲಿಯೋನೆಲ್. ನಿನ್ನನ್ನು ಬೈದದ್ದೂ ನಾನೇ” ಎಂದೆ.

ಅವನು ಗೋಡೆಯ ಮೇಲಿನ ಗಿಟಾರಿನ ಕಡೆ ತಿರುಗಿದ.

“ನಾನು ಆ ವಯರ್ ಸರಿಸಿದ್ದರಿಂದ ಅಲ್ವಾ ಟೀಚರ್?”

“ಅಲ್ಲ. ನೀನು ಸರಿಸಿದ್ದರಿಂದ ಏನೂ ಆಗಿರಲಿಲ್ಲ.”

ಎದ್ದು ಗೋಡೆಯಿಂದ ಗಿಟಾರು ಇಳಿಸಿ, ಹೊದಿಕೆ ಬಿಚ್ಚಿ ಅವನ ತೊಡೆಯ ಮೇಲಿಟ್ಟೆ. ತಂತಿಗಳಿಗೆ ತುಕ್ಕು ಹಿಡಿಯದ ಹಾಗೆ ಲಿಗೋರಿ ಎಣ್ಣೆ ಒರೆಸಿಟ್ಟಿದ್ದ. “ಬಾರಿಸು” ಎಂದೆ. ಅವನು ಗಾಬರಿಯಿಂದ ನನ್ನ ಮುಖ ನೋಡಿದ.

“ಈಗ ಕರೆಜ್ಮ ಅಲ್ವಾ ಟೀಚರ್? ನಿಮ್ಮ ಮನೆಯಲ್ಲಿ ಬಾರಿಸಲಿಕ್ಕಿಲ್ಲವಲ್ಲ.”

ಅದರಲ್ಲಿ ಚುಚ್ಚು ಇರಲಿಲ್ಲ. ನನ್ನ ಮರ್ಯಾದೆಗೆಂದೇ ನೆನಪಿಸಿದ. ಅವನು ಕೆನ್ನೆಗೆ ಹೊಡೆದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ. ನಾನೇ ಎದ್ದು ರಸ್ತೆಯ ಕಡೆಯ ಕಿಟಕಿಗಳನ್ನೆಲ್ಲ ತೆರೆದೆ. ಹಳೆಯ ರೇಡಿಯೋ ಹಾಕಿ, ಲಿಗೋರಿ ಅಂದು ಸಿಕ್ಕಿಸಿದ್ದಲ್ಲಿಗೇ ವಯರ್ ಸಿಕ್ಕಿಸಿದೆ. ಅಮ್ಮನ ಫೋಟೋದ ಕಡೆ ನೋಡಲಿಲ್ಲ.

ಲಿಯೋನೆಲ್ ಎಡಗೈಯ ಬೆರಳುಗಳನ್ನು ತಂತಿಯ ಮೇಲಿಟ್ಟ. ಆರು ವರ್ಷ ಕಬ್ಬಿಣ ಬಗ್ಗಿಸಿದ ಬೆರಳು, ಗಂಟು ಕಟ್ಟಿ ದಪ್ಪವಾಗಿದ್ದವು. ಒಂದು ತಂತಿ ಒತ್ತಿದರೆ ಪಕ್ಕದ್ದಕ್ಕೂ ತಾಗಿ ಕರಕರ ಎಂದಿತು. ಎರಡು ಸಲ ನೋಡಿದ, ಮೂರನೆಯ ಸಲ ನೋಡಲಿಲ್ಲ. ಎಡಗೈ ಇಳಿಸಿ, ಬಲಗೈಯಿಂದ ಬರಿಯ ತಂತಿಯನ್ನು ಮೀಟಿದ. ತೆಳು ದನಿ. ಸ್ವಿಚ್ ಹಾಕಿ ಮತ್ತೆ ಮೀಟಿದ. ತುಂಬು ದನಿ, ಒಂದಿಷ್ಟೂ ಗದ್ದಲವಿಲ್ಲದೆ, ಕೋಣೆಯಿಂದ ಹೊರಟು ಜಗಲಿ ದಾಟಿ ರಸ್ತೆಗೆ ಹೋಯಿತು. ಅದು ಪೂರ್ತಿ ಆರುವವರೆಗೆ ಅವನು ಕಿವಿಗೊಟ್ಟು ಕುಳಿತ.

“ಬಾಪ್ಪು ಒಳ್ಳೆಯ ಕೆಲಸ ಮಾಡಿದ್ದಾರೆ” ಎಂದ.

“ತೆಗೆದುಕೊಂಡು ಹೋಗು.”

“ಇಲ್ಲೇ ಇರಲಿ ಟೀಚರ್. ನನ್ನ ಕೈಯಲ್ಲಿ ಇನ್ನು ಆಗಲಿಕ್ಕಿಲ್ಲ.” ಗಿಟಾರನ್ನು ಮೇಜಿನ ಮೇಲೆ ಮಲಗಿಸಿ ಎದ್ದ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತ. “ಅಮ್ಮನಿಗೆ ಹೇಳಬೇಕು” ಎಂದ.

“ಎಂತ ಹೇಳ್ತಿ?”

“ನಾನಲ್ಲ ಅಂತ.”

ಅವನು ಗದ್ದೆಯ ಬದುವಿನ ಮೇಲೆ ಮನೆಯ ಕಡೆ ಹೋದ, ಮೊದಲು ನಡೆದು, ಆಮೇಲೆ ಸ್ವಲ್ಪ ಓಡಿ. ಕಿಟಕಿಗಳನ್ನು ಆ ಸಂಜೆ ನಾನು ಮುಚ್ಚಲಿಲ್ಲ.